ಭೀಮೆಯ ಎರಡು ದಡಗಳೂ ಶಾಸನಸಭೆಯ ನಿತ್ಯಕಾರ್ಯವೂ

ಅಧಿವೇಶನದ ದಿನಗಳಲ್ಲಿ ಪತ್ರಿಕೆಯನ್ನು ಕೈಗೆತ್ತಿಕೊಂಡ ಓದುಗರ ಕಣ್ಣಿಗೆ ಮೊದಲು ಬೀಳುವುದು ಸಭಾತ್ಯಾಗದ, ಧರಣಿಯ, ಪರಸ್ಪರ ದೋಷಾರೋಪಣೆಯ ಸುದ್ದಿ. ಅದೇ ದಿನ ಬೆಳಿಗ್ಗೆ ಯಾವ ಪ್ರಶ್ನೆಗಳಿಗೆ ಉತ್ತರ ದೊರೆಯಿತು, ಯಾವ ವರದಿಗಳು ಸದನದ ಮುಂದಿಡಲ್ಪಟ್ಟವು, ಯಾವ ಇಲಾಖೆಯ ಅನುದಾನದ ಬೇಡಿಕೆ ಎಷ್ಟು ಹೊತ್ತು ಚರ್ಚೆಗೆ ಒಳಗಾಯಿತು ಎಂಬ ವಿವರವನ್ನು ಅವರು ಹುಡುಕುವುದೂ ಇಲ್ಲ, ಹುಡುಕಿದರೆ ಅದು ಸುಲಭವಾಗಿ ಸಿಗುವುದೂ ಇಲ್ಲ. ನೀರಸವೆಂದು ತೋರುವ ಈ ನಿತ್ಯಕಾರ್ಯದಲ್ಲಿಯೇ ಶಾಸನಸಭೆಯ ಜೀವ ನೆಲೆಸಿದೆಯೆಂದು ನಾನು ದೃಢವಾಗಿ ನಂಬಿದ್ದೇನೆ. ಈ ನಂಬಿಕೆಗೆ ಆಧಾರವನ್ನು ಅರಸಿಕೊಂಡು ಲಂಡನ್ನಿಗಾಗಲಿ ದೆಹಲಿಗಾಗಲಿ ಹೋಗಬೇಕಾದ ಅಗತ್ಯವಿಲ್ಲ; ಕಲಬುರಗಿ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಗತಚರಿತ್ರೆಯೇ ಅದಕ್ಕೆ ಸಾಕಾದಷ್ಟು ಸಾಕ್ಷ್ಯವನ್ನು ಒದಗಿಸುತ್ತದೆ.

ಈ ಮೂರು ತಾಲ್ಲೂಕುಗಳೂ 1948ರವರೆಗೆ ಹೈದರಾಬಾದಿನ ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ದೇವಲ ಗಾಣಗಾಪುರದಲ್ಲಿ ಅಮರ್ಜೆಯನ್ನು ಕೂಡಿಕೊಂಡು ಮುಂದೆ ಸಾಗುವ ಭೀಮಾನದಿಯ ಈಚೆಯ ದಡದಲ್ಲಿ ಅಫಜಲಪುರ ಸೀಮೆ. ಆಚೆಗೆ, 1848ರಲ್ಲಿ ಸಾತಾರಾ ರಾಜ್ಯವು ಕಂಪನಿಯ ವಶವಾದಂದಿನಿಂದ ಬ್ರಿಟಿಷರ ಆಳ್ವಿಕೆಗೆ ಒಳಪಟ್ಟು ಮುಂಬಯಿ ಆಧಿಪತ್ಯದ ಭಾಗವಾದ ವಿಜಾಪುರದ ಇಂಡಿ, ಸಿಂದಗಿಗಳು. ಜೇವರ್ಗಿಗೂ ಸಿಂದಗಿಗೂ ನಡುವೆ ನದಿಯ ಅಡ್ಡಿಯೂ ಇಲ್ಲ. ಹೊಲದ ಬದುವೊಂದೇ ಎರಡು ಪ್ರಭುತ್ವಗಳ ಗಡಿ. ಆಳಂದಕ್ಕೆ ಅಕ್ಕಲಕೋಟೆಯೂ ಸೊಲ್ಲಾಪುರವೂ ಸಂತೆಪೇಟೆಯ ಊರುಗಳು. ಎರಡು ಕಡೆಯವರದೂ ಅದೇ ಕನ್ನಡ, ಅದೇ ಎರೆಭೂಮಿ, ಅದೇ ಹಿಂಗಾರಿ ಜೋಳ. ಕೊಟ್ಟುಕೊಳ್ಳುವ ಬೀಗತನವೂ ನದಿ ದಾಟಿಯೇ ನಡೆಯುತ್ತಿತ್ತು. ಘತ್ತರಗಿಯ ಜಾತ್ರೆಗೂ ಗಾಣಗಾಪುರದ ದತ್ತನ ಸನ್ನಿಧಿಗೂ ಆಚೆಯವರು ಬರುತ್ತಿದ್ದರು, ಈಚೆಯವರು ವಿಜಾಪುರದ ಕಡೆಗೆ ಹೋಗುತ್ತಿದ್ದರು. ಇಷ್ಟೆಲ್ಲ ಸಮಾನವಾಗಿದ್ದ ಜನಕ್ಕೆ ಒಂದು ವಿಷಯದಲ್ಲಿ ಮಾತ್ರ ಭೇದವಿದ್ದಿತು. ಸರ್ಕಾರವನ್ನು ಸಾರ್ವಜನಿಕವಾಗಿ ಪ್ರಶ್ನಿಸಿ, ಅದರಿಂದ ಮುದ್ರಿತವಾದ ಉತ್ತರವನ್ನು ಪಡೆಯುವ ಒಂದು ದಾರಿ ಆಚೆಯ ದಡದಲ್ಲಿ, ಎಷ್ಟೇ ಕಿರಿದಾಗಿರಲಿ, ತೆರೆದಿತ್ತು. ಈಚೆಯ ದಡದಲ್ಲಿ ಅದು ಇರಲೇ ಇಲ್ಲ.

ಆ ದಾರಿ ಆಂಗ್ಲರು ಪ್ರೀತಿಯಿಂದ ತೆರೆದುಕೊಟ್ಟದ್ದಲ್ಲವೆಂಬುದನ್ನು ಮೊದಲೇ ಹೇಳಬೇಕು. 1853ರ ಸನದಿನ ಮೇರೆಗೆ ಕಲಕತ್ತೆಯಲ್ಲಿ ಕೂಡಿದ ಹನ್ನೆರಡು ಜನರ ಶಾಸನಮಂಡಲಿಯಲ್ಲಿ ಒಬ್ಬ ಭಾರತೀಯನೂ ಇರಲಿಲ್ಲ. ಆದರೂ ಆ ಸಭೆ ತನ್ನ ಕಲಾಪಗಳನ್ನು ಸಾರ್ವಜನಿಕಗೊಳಿಸುತ್ತ, ಸ್ಥಾಯೀ ನಿಯಮಗಳನ್ನು ರಚಿಸಿಕೊಂಡು, ಆಡಳಿತದ ಕೃತ್ಯಗಳನ್ನು ವಿಚಾರಿಸತೊಡಗಿತು. 1860ರಲ್ಲಿ ಟಿಪ್ಪು ಸುಲ್ತಾನನ ಸಂತತಿಯವರಿಗೆ ಕೊಡತಕ್ಕ ವೇತನದ ವಿಷಯವಾಗಿ ಲಂಡನ್ನಿನ ಭಾರತ ಮಂತ್ರಿಗೂ ಇಲ್ಲಿಯ ಸರ್ಕಾರಕ್ಕೂ ನಡೆದ ಪತ್ರವ್ಯವಹಾರವನ್ನು ತನ್ನ ಮುಂದಿಡಬೇಕೆಂದು ಅದು ಒತ್ತಾಯಿಸಿದ್ದು ಅಧಿಕಾರಸ್ಥರ ಅಸಮಾಧಾನಕ್ಕೆ ಮುಖ್ಯ ಕಾರಣಗಳಲ್ಲಿ ಒಂದಾಯಿತು. ಮರುವರ್ಷದ ಕಾನೂನು ಶಾಸನಮಂಡಲಿಗಳ ಬಾಯಿಯನ್ನು ಕಟ್ಟಿತು. ಮುಂದಿಟ್ಟ ಮಸೂದೆಯ ಕುರಿತು ಮಾತ್ರ ಮಾತನಾಡತಕ್ಕದ್ದು, ಪ್ರಶ್ನೆ ಕೇಳಲಾಗದು, ಲೆಕ್ಕ ವಿಚಾರಿಸಲಾಗದು ಎಂಬ ಕಟ್ಟಳೆ ಮೂವತ್ತೊಂದು ವರ್ಷ ನಡೆಯಿತು. 1862ರ ಜನವರಿಯಲ್ಲಿ ಮೊದಲ ಸಲ ಕೂಡಿದ ಮುಂಬಯಿಯ ಶಾಸನಮಂಡಲಿಯಲ್ಲಿ ಜಗನ್ನಾಥ ಶಂಕರಶೇಟರಂಥ ಗಣ್ಯರಿದ್ದರೂ ಅವರ ಕೈಗಳು ಈ ಕಟ್ಟಳೆಯಿಂದ ಕಟ್ಟಲ್ಪಟ್ಟಿದ್ದವು. ಪರಾಧೀನ ದೇಶದಲ್ಲಿ ಕೂಡ, ಕಾಗದವನ್ನು ತೋರಿಸೆಂದು ಕೇಳುವ ಒಂದು ಸಭೆಗೆ ಪ್ರಭುತ್ವ ಎಷ್ಟು ಅಂಜಿತೆಂಬುದನ್ನು ಇದರಿಂದ ತಿಳಿಯಬಹುದು.

1892ರ ಕಾನೂನಿನಿಂದ ಆ ಕಟ್ಟು ಸ್ವಲ್ಪ ಸಡಿಲವಾಯಿತು. ಆಯವ್ಯಯದ ಕುರಿತು ಮಾತನಾಡಬಹುದು, ಆದರೆ ಮತಕ್ಕೆ ಹಾಕುವಂತಿಲ್ಲ. ಪ್ರಶ್ನೆ ಕೇಳಬಹುದು, ಆದರೆ ದೊರೆತ ಉತ್ತರದ ಮೇಲೆ ಮರುಪ್ರಶ್ನೆ ಹಾಕುವಂತಿಲ್ಲ. 1893ರ ಫೆಬ್ರುವರಿ 16ರಂದು ಕೇಂದ್ರದ ಶಾಸನಮಂಡಲಿಯಲ್ಲಿ ಭಿಂಗಾದ ರಾಜರು ಕೇಳಿದ ಪ್ರಶ್ನೆಯೇ ಈ ದೇಶದ ಶಾಸನಸಭೆಗಳಲ್ಲಿ ಹೀಗೆ ಕೇಳಲಾದ ಮೊದಲನೆಯ ಪ್ರಶ್ನೆಯೆಂದು ಪರಿಗಣಿತವಾಗಿದೆ. ಅವರು ಕೇಳಿದ್ದು ಸಾಮ್ರಾಜ್ಯದ ನೀತಿಯನ್ನಲ್ಲ. ಸಂಚಾರಕ್ಕೆ ಹೊರಟ ಅಧಿಕಾರಿಗಳಿಗೆ ದಿನಸಿ ಒದಗಿಸಬೇಕಾಗಿ ಬಂದು ಹಳ್ಳಿಯ ಅಂಗಡಿಕಾರರು ಪಡುತ್ತಿದ್ದ ತೊಂದರೆಯನ್ನು. ಎಷ್ಟು ಚಿಕ್ಕ ವಿಷಯ! ಆದರೆ ಸಾಹೇಬರ ಡೇರೆ ಊರ ಹೊರಗೆ ಬಿದ್ದಿತೆಂದರೆ ಹಾಲು, ಕೋಳಿ, ಮೇವು, ಕಟ್ಟಿಗೆಗಳನ್ನು ಬಿಟ್ಟಿಯಾಗಿ ಹೊತ್ತು ತಲುಪಿಸುವ ಕಷ್ಟ ಏನೆಂಬುದನ್ನು ಅನುಭವಿಸಿದ ಊರುಗಳಿಗೆ ಅದು ಚಿಕ್ಕ ವಿಷಯವಾಗಿ ಕಂಡಿರಲಾರದು. ನಮ್ಮ ಸೀಮೆಯ ಹಿರಿಯರ ಮಾತುಗಳಲ್ಲಿ ಬಿಟ್ಟಿಬೇಗಾರಿಯ ನೆನಪು ಇನ್ನೂ ಉಳಿದಿರುವುದನ್ನು ಕಂಡವರಿಗೆ ಈ ಮೊದಲ ಪ್ರಶ್ನೆ ತಮ್ಮದೇ ಎನಿಸುವುದು ಸಹಜ.

ಒಂದು ಪ್ರಶ್ನೆ ಹೇಗೆ ಸಂಚರಿಸುತ್ತಿತ್ತೆಂಬುದನ್ನು ಕೊಂಚ ಹತ್ತಿರದಿಂದ ನೋಡಬೇಕು. ಮಳೆ ಕೈಕೊಟ್ಟು ಇಂಡಿಯ ಕಡೆಯ ಕೆಲವು ಹಳ್ಳಿಗಳ ಜೋಳ ಒಣಗಿತೆಂದೂ, ಬೆಳೆಯ ಅಂದಾಜಾದ ಆಣೆವಾರಿಯನ್ನು ಅಧಿಕಾರಿಗಳು ಹೆಚ್ಚಾಗಿ ಬರೆದುದರಿಂದ ಕಂದಾಯದ ವಸೂಲಿ ನಿಲ್ಲಲಿಲ್ಲವೆಂದೂ ಭಾವಿಸೋಣ. ಸದಸ್ಯನು ಕೆಲವು ದಿನ ಮುಂಚಿತವಾಗಿ ಲಿಖಿತ ಸೂಚನೆಯನ್ನು ಕೊಡಬೇಕು. ಅದರಲ್ಲಿ ವಾದವಿರಕೂಡದು, ಊಹೆಯಿರಕೂಡದು, ಯಾರ ಮಾನಕ್ಕೂ ಕುಂದು ತರುವ ಮಾತಿರಕೂಡದು, ಮಾಹಿತಿಯನ್ನು ಬೇಡುವ ವಾಕ್ಯ ಮಾತ್ರ ಇರತಕ್ಕದ್ದು. ಸಭೆಯ ಅಧ್ಯಕ್ಷರಿಗೆ ಒಪ್ಪಿಗೆಯಾಗದಿದ್ದರೆ ಪ್ರಶ್ನೆ ಅಲ್ಲಿಗೇ ನಿಂತಿತು. ಒಪ್ಪಿಗೆಯಾದರೆ, ಆ ಹಾಳೆ ಕಾರ್ಯದರ್ಶಿಯ ಕಚೇರಿಯಿಂದ ವಿಜಾಪುರದ ಕಲೆಕ್ಟರರಿಗೆ, ಅಲ್ಲಿಂದ ಮಾಮಲೇದಾರರಿಗೆ, ಮಾಮಲೇದಾರರಿಂದ ಊರ ಕುಲಕರ್ಣಿಯ ದಫ್ತರದವರೆಗೆ ಇಳಿಯುತ್ತಿತ್ತು. ತನ್ನ ಬರವಣಿಗೆಯನ್ನು ಯಾರೂ ಎರಡನೆಯ ಸಲ ನೋಡಲಾರರೆಂದು ಧೈರ್ಯದಿಂದಿದ್ದ ಕುಲಕರ್ಣಿ, ಪಹಣಿಯನ್ನು ಬಿಚ್ಚಿ, ಯಾವ ಹೊಲದಲ್ಲಿ ಎಷ್ಟು ಬೆಳೆ ಬಂದಿತೆಂದು ಬರೆದೆನೆಂಬುದನ್ನು ಮೇಲಿನವರಿಗೆ ತಿಳಿಸಬೇಕಾಗಿತ್ತು. ಉತ್ತರ ಅದೇ ಮೆಟ್ಟಿಲುಗಳನ್ನು ಹತ್ತಿ ಹೋಗಿ, ಮುಂಬಯಿಯಲ್ಲಿ, ಮಳೆಗಾಲವಾದರೆ ಪುಣೆಯಲ್ಲಿ ಓದಲ್ಪಟ್ಟು, ಸಭೆಯ ನಡವಳಿಯಲ್ಲಿ ಅಚ್ಚಾಗುತ್ತಿತ್ತು. ಬಹುಮಟ್ಟಿಗೆ ಆ ಉತ್ತರ ನಿರಾಶಾದಾಯಕವೇ. ವಿಷಯ ವಿಚಾರಣೆಯಲ್ಲಿದೆ, ಸರ್ಕಾರ ಮಧ್ಯೆ ಪ್ರವೇಶಿಸಲು ಕಾರಣವಿಲ್ಲ ಎಂಬಂಥ ಮಾತುಗಳೇ ಹೆಚ್ಚು. ಆದರೆ ಅಚ್ಚಾದ ನಿರಾಶೆಗೂ ಅಚ್ಚಾಗದ ನಿರಾಶೆಗೂ ಬಹಳ ಅಂತರವಿದೆ. ಅಚ್ಚಾದುದನ್ನು ವಕೀಲನು ಓದಿದನು, ಪತ್ರಿಕೆಯವನು ಎತ್ತಿ ಬರೆದನು, ಮುಂದಿನ ವರ್ಷದ ಸದಸ್ಯನು ಅದನ್ನೇ ಹಿಡಿದುಕೊಂಡು ಮತ್ತೊಂದು ಪ್ರಶ್ನೆಯನ್ನು ರಚಿಸಿದನು. ಕುಲಕರ್ಣಿಯು ಮುಂದಿನ ಆಣೆವಾರಿಯನ್ನು ಬರೆಯುವಾಗ ಒಂದು ಗಳಿಗೆ ಲೇಖಣಿಯನ್ನು ತಡೆದನು. ಇಂಥ ತಡೆಗಳ ಸಂಚಯದಿಂದಲೇ ಒಳ್ಳೆಯ ಆಡಳಿತ ಹುಟ್ಟುತ್ತದೆ.

ಆ ಸಭೆಗಳ ದೌರ್ಬಲ್ಯವನ್ನು ಮುಚ್ಚಿಡುವುದು ನನ್ನ ಉದ್ದೇಶವಲ್ಲ. 1901ರಲ್ಲಿ ಮುಂಬಯಿ ಸರ್ಕಾರ ಭೂಕಂದಾಯ ಸಂಹಿತೆಯ ತಿದ್ದುಪಡಿಯನ್ನು ತಂದು, ಬಾಕಿಗಾಗಿ ವಶಪಡಿಸಿಕೊಂಡ ಹೊಲವನ್ನು ಪರಭಾರೆಯ ಹಕ್ಕಿಲ್ಲದೆ ರೈತನಿಗೆ ಮರಳಿ ಕೊಡುವ ಅಧಿಕಾರವನ್ನು ತಾನು ಪಡೆಯಲು ಹೊರಟಾಗ, ಎರಡು ಭೀಕರ ಕ್ಷಾಮಗಳಿಂದ ಬೆನ್ನುಮುರಿದಿದ್ದ ರೈತಾಪಿ ಜನರ ಪರವಾಗಿ ಫಿರೋಜಶಹಾ ಮೆಹತಾ, ಗೋಪಾಲಕೃಷ್ಣ ಗೋಖಲೆ ಮೊದಲಾದವರು ವಾದಿಸಿ, ಅಧಿಕಾರಿಗಳ ಬಹುಮತದ ಮುಂದೆ ವಾದ ವ್ಯರ್ಥವೆಂದು ಕಂಡಮೇಲೆ ಸಭೆಯನ್ನು ಬಿಟ್ಟು ಹೊರನಡೆದರು, ಮಸೂದೆ ಕಾನೂನಾಯಿತು. 1923ರಲ್ಲಿ ಕೇಂದ್ರ ಶಾಸನಸಭೆ ಉಪ್ಪಿನ ತೆರಿಗೆಯನ್ನು ಮಣಕ್ಕೆ ಒಂದೂಕಾಲು ರೂಪಾಯಿಯಿಂದ ಎರಡೂವರೆ ರೂಪಾಯಿಗೆ ಏರಿಸುವುದನ್ನು ತಿರಸ್ಕರಿಸಿದಾಗ, ವೈಸರಾಯ್ ರೀಡಿಂಗರು ತಮ್ಮ ವಿಶೇಷಾಧಿಕಾರದಿಂದ ಅದನ್ನು ಜಾರಿಗೆ ತಂದರು. ಮತದಾನದ ಹಕ್ಕು ಕಂದಾಯ ಕೊಡುವವರಲ್ಲಿಯೂ ಕೆಲವರಿಗೆ ಮಾತ್ರ ಮೀಸಲು. ಕೂಲಿಯವನಿಗೆ ಅದು ದಕ್ಕಲಿಲ್ಲ. ನಡವಳಿಯ ಭಾಷೆ ಇಂಗ್ಲಿಷು. ಅದು ಬಾರದವರಿಗೆ ತಮ್ಮ ಭಾಷೆಯಲ್ಲಿ ಮಾತನಾಡಲು ಅವಕಾಶವೆಂಬುದು 1935ರ ಕಾನೂನಿನಲ್ಲಿಯೂ ವಿನಾಯಿತಿಯ ರೂಪದಲ್ಲಿಯೇ ಉಳಿಯಿತು. ಇಂಡಿ, ಸಿಂದಗಿಗಳು ಈ ಸಭೆಯ ದೆಸೆಯಿಂದ ಶ್ರೀಮಂತವಾಗಲಿಲ್ಲ. ಬರಗಾಲ ಆಚೆಯ ದಡವನ್ನೂ ಸುಟ್ಟಿತು.

ಹೀಗಿದ್ದರೂ ಆ ನಿಯಮಾವಳಿ ಹತ್ತಿಪ್ಪತ್ತು ವರ್ಷಗಳಿಗೊಮ್ಮೆ ಒಂದೊಂದು ಅಂಗುಲ ವಿಸ್ತರಿಸುತ್ತ ಬಂದಿತು. 1909ರಲ್ಲಿ ಪ್ರಶ್ನೆ ಕೇಳಿದವನೇ ಉಪಪ್ರಶ್ನೆಯನ್ನು ಹಾಕಬಹುದಾಯಿತು, 1919ರ ಸುಧಾರಣೆಯ ತರುವಾಯ ಯಾವ ಸದಸ್ಯನಾದರೂ ಹಾಕಬಹುದಾಯಿತು. ಅನುದಾನದ ಬೇಡಿಕೆಗಳಲ್ಲಿ ಒಂದು ಭಾಗ ಮತಕ್ಕೆ ಬಂದಿತು. ಧಾರವಾಡದ ಸಿದ್ದಪ್ಪ ಕಂಬಳಿಯವರು ಮುಂಬಯಿ ಸಭೆಯ ಉಪಾಧ್ಯಕ್ಷರಾಗಿ, ಬಳಿಕ ಮಂತ್ರಿಗಳಾಗಿ ಕೆಲಸ ಮಾಡಿದರು. ವಚನಸಾಹಿತ್ಯದ ಉದ್ಧಾರಕ್ಕಾಗಿ ಬಾಳನ್ನೇ ಸವೆಸಿದ ವಿಜಾಪುರದ ವಕೀಲ ಫ. ಗು. ಹಳಕಟ್ಟಿಯವರು ಮುಂಬಯಿ ಶಾಸನಸಭೆಯ ಸದಸ್ಯತ್ವವನ್ನೂ ವಹಿಸಿದ್ದರು. ಒಂದು ಸಾಮಾನ್ಯ ದಿನದ ಸಾಮಾನ್ಯ ಕಲಾಪವಾದ ಖಾಸಗಿ ಸದಸ್ಯರ ನಿರ್ಣಯ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ 1923ರ ಆಗಸ್ಟಿನಲ್ಲಿ ಎಸ್. ಕೆ. ಬೋಲೆಯವರು ಮಂಡಿಸಿದ ನಿರ್ಣಯವೇ ನಿದರ್ಶನ. ಸಾರ್ವಜನಿಕ ಹಣದಿಂದ ಕಟ್ಟಿದ ಬಾವಿ, ಕೆರೆ, ಧರ್ಮಶಾಲೆ, ಶಾಲೆ, ಔಷಧಾಲಯಗಳನ್ನು ಅಸ್ಪೃಶ್ಯರೆನಿಸಿಕೊಂಡವರೂ ಉಪಯೋಗಿಸಲು ಅಡ್ಡಿಯಿರಕೂಡದೆಂದು ಸಭೆ ಅದನ್ನು ಅಂಗೀಕರಿಸಿತು. ಅದು ಕಾನೂನಾಗಿರಲಿಲ್ಲ, ಶಿಫಾರಸು ಮಾತ್ರ. ಊರ ಜನ ಅದಕ್ಕೆ ಕಿವಿಗೊಡಲೂ ಇಲ್ಲ. ಆದರೆ ನಾಲ್ಕು ವರ್ಷಗಳ ಮೇಲೆ ಡಾ. ಅಂಬೇಡ್ಕರರು ಮಹಾಡದ ಚವದಾರ ಕೆರೆಗೆ ತಮ್ಮ ಜನರೊಡನೆ ನಡೆದು ಹೋದಾಗ, ಆ ಹೆಜ್ಜೆಗಳ ಹಿಂದೆ ಈ ನಿರ್ಣಯದ ಬಲವಿತ್ತು. ಅದೇ ಹೊತ್ತಿಗೆ ಅಂಬೇಡ್ಕರರು ಮುಂಬಯಿ ಸಭೆಯ ಸದಸ್ಯರಾಗಿ ನಾಮನಿರ್ದೇಶನಗೊಂಡಿದ್ದರು. 1928ರಲ್ಲಿ ಅವರು ಊರ ಚಾಕರಿಗೆ ಕಟ್ಟಿಹಾಕಲ್ಪಟ್ಟಿದ್ದ ಮಹಾರ ವತನದಾರರ ಬಿಡುಗಡೆಗಾಗಿ ಮಸೂದೆಯನ್ನು ತಂದರು. ಅದು ಅಂದು ಕಾನೂನಾಗಲಿಲ್ಲವಾದರೂ, ಭೀಮೆಯ ಆಚೆಯ ದಡದ ಹೊಲೆಗೇರಿಯ ಚಾಕರಿ ಸರ್ಕಾರದ ಮುಂದೆ ಉತ್ತರಾರ್ಹ ವಿಷಯವಾಯಿತು.

ಈಚೆಯ ದಡಕ್ಕೆ ಬರೋಣ. ನಿಜಾಮರ ರಾಜ್ಯದಲ್ಲಿ ಶಾಸನಮಂಡಲಿ ಇರಲಿಲ್ಲವೆಂದಲ್ಲ. ಭಿಂಗಾದ ರಾಜರು ಪ್ರಶ್ನೆ ಕೇಳಿದ ಸುಮಾರಿಗೇ ಆರನೆಯ ನಿಜಾಮ ಮಹಬೂಬ ಅಲಿಖಾನರು ಹೊರಡಿಸಿದ ‘ಕಾನೂನ್‌ಚಾ-ಎ-ಮುಬಾರಕ್’ ಎಂಬ ಶಾಸನದಿಂದ ಅಲ್ಲಿಯೂ ಒಂದು ಮಂಡಲಿ ಸ್ಥಾಪಿತವಾಯಿತು. ಆದರೆ ಅದು ಅಧಿಕಾರಿಗಳ ಸಭೆ; ಜಾಗೀರದಾರರೂ ವಕೀಲರೂ ಕಳುಹಿಸುತ್ತಿದ್ದ ಬೆರಳೆಣಿಕೆಯ ಪ್ರತಿನಿಧಿಗಳ ಹೊರತು ಜನರ ಮಾತು ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಕಾನೂನಿನ ಕರಡನ್ನು ತಿದ್ದುವುದಕ್ಕಿಂತ ಹೆಚ್ಚಿನ ಕೆಲಸ ಅದಕ್ಕಿರಲಿಲ್ಲ. ಸರ್ಕಾರದ ನೇರ ಆಡಳಿತದ ದಿವಾನಿ ಪ್ರದೇಶದ ನಡುನಡುವೆ ಪಾಯಗಾ ಅಮೀರರ, ಜಾಗೀರದಾರರ ಊರುಗಳು. ಅಲ್ಲಿ ಯಾರ ಮುಂದೆ ದೂರು ಹೇಳಬೇಕೆಂಬುದೇ ರೈತನಿಗೆ ಸ್ಪಷ್ಟವಿರಲಿಲ್ಲ. ಅಫಜಲಪುರದ ಕಡೆಯ ಒಬ್ಬ ರೈತನ ಜೋಳವೂ ಒಣಗಿತೆನ್ನೋಣ. ಅವನು ಕಚೇರಿಯ ಮುಂದೆ ಕುಳಿತ ಅರ್ಜಿ ಬರೆಯುವವನಿಗೆ ದುಡ್ಡು ಕೊಟ್ಟು, ತನಗೆ ಓದಲು ಬಾರದ ಉರ್ದುವಿನಲ್ಲಿ ಮನವಿಯನ್ನು ಬರೆಸಿ, ಫಸಲಿ ತೇದಿಯನ್ನು ಹಾಕಿಸಿ, ತಹಶೀಲಿಗೆ ಒಪ್ಪಿಸುತ್ತಿದ್ದನು. ಗಿರ್ದಾವರನ ಕೈಯಿಂದ ಪಟವಾರಿಯ ಕೈಗೆ, ಪಟವಾರಿಯ ಕೈಯಿಂದ ಮಾಲಿಪಾಟೀಲನ ಚಾವಡಿಗೆ ಆ ಕಾಗದ ಇಳಿದು ಬಂದರೂ ಬಂದೀತು. ಮೇಲಕ್ಕೆ ಹೋಗಿ ಉತ್ತರವಾಗಿ ಮರಳಲೇಬೇಕೆಂಬ ಕಟ್ಟುಪಾಡು ಎಲ್ಲಿಯೂ ಇರಲಿಲ್ಲ. ಉತ್ತರ ಬಂದರೂ ಅದು ಅವನೊಬ್ಬನಿಗೆ ಬಂದ ಉತ್ತರ, ಪಕ್ಕದ ಊರಿನವನು ಅದನ್ನು ಹಿಡಿದು ಕೇಳುವಂತಿರಲಿಲ್ಲ. ಸರ್ಕಾರದ ಗೆಜೆಟ್ಟಾದ ಜರೀದಾದಲ್ಲಿ ಫರ್ಮಾನುಗಳು ಅಚ್ಚಾಗುತ್ತಿದ್ದವು. ಪ್ರಜೆಯ ಪ್ರಶ್ನೆಗೆ ಅಲ್ಲಿ ಎಡೆಯಿರಲಿಲ್ಲ.

ಸಭೆಯಿಲ್ಲದಿದ್ದರೆ ಸಭೆಯ ಹೊರಗಾದರೂ ಮಾತನಾಡಬಹುದಿತ್ತಲ್ಲವೆಂದರೆ, ಅದಕ್ಕೂ ತಡೆ. ‘ಗಸ್ತಿ ನಿಶಾನ್ 53’ ಎಂದು ಹೆಸರಾದ ಸುತ್ತೋಲೆಯ ದೆಸೆಯಿಂದ ಪೂರ್ವಾನುಮತಿಯಿಲ್ಲದೆ ಬಹಿರಂಗ ಸಭೆಯನ್ನು ಕೂಡಿಸುವುದೇ ಅಸಾಧ್ಯವಾಯಿತು. ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸು 1938ರಲ್ಲಿ ಹುಟ್ಟುವ ಮೊದಲೇ ನಿಷಿದ್ಧವಾಯಿತು. ಆದುದರಿಂದ ನಿಜಾಮ ಕರ್ನಾಟಕದ ಕನ್ನಡಿಗರು ತಮ್ಮ ಅಳಲನ್ನು ವಾಚನಾಲಯ, ಪಾಠಶಾಲೆ, ಸಾಹಿತ್ಯಪರಿಷತ್ತುಗಳ ಮರೆಯಲ್ಲಿಯೇ ಹೇಳಿಕೊಳ್ಳಬೇಕಾಯಿತು. ನಿಜಾಮ ಸರ್ಕಾರವು ಆಡಳಿತ ಸುಧಾರಣೆಗಾಗಿ ಅರವಮುದು ಅಯ್ಯಂಗಾರರ ಸಮಿತಿಯನ್ನು 1937ರಲ್ಲಿ ನೇಮಿಸಿ, 1939ರಲ್ಲಿ ಸುಧಾರಣೆಗಳನ್ನು ಸಾರಿ, ಮಹಾಯುದ್ಧದ ಕಾರಣದಿಂದ ಅವನ್ನು ಮುಂದಕ್ಕೆ ಹಾಕಿ, ಕಡೆಗೆ 1946ರಲ್ಲಿ ಕಸಬುವಾರು ಕ್ಷೇತ್ರಗಳಿಂದ ಚುನಾವಣೆ ನಡೆಸುವ ಹೊತ್ತಿಗೆ ಕಾಲ ಮೀರಿಹೋಗಿತ್ತು. ಸ್ಟೇಟ್ ಕಾಂಗ್ರೆಸ್ಸು ಆ ಚುನಾವಣೆಯನ್ನು ಬಹಿಷ್ಕರಿಸಿತು. ಸಂಸ್ಥಾನದ ಆಳ್ವಿಕೆಯಾದುದರಿಂದ ಹೀಗಾಯಿತೆಂದು ಹೇಳುವುದೂ ಸರಿಯಲ್ಲ. ಮೈಸೂರು ಕೂಡ ಸಂಸ್ಥಾನವೇ. ಅಲ್ಲಿ ದಿವಾನ ರಂಗಾಚಾರ್ಲುರವರು 1881ರ ದಸರೆಯಲ್ಲಿ 144 ಜನರನ್ನು ಕರೆದು ಪ್ರಜಾಪ್ರತಿನಿಧಿ ಸಭೆಯನ್ನು ನೆರೆಯಿಸಿದ್ದರು. ಊರೂರಿನ ಕೆರೆಯ, ರಸ್ತೆಯ, ಕಂದಾಯದ ಮನವಿಗಳು ವರ್ಷವರ್ಷವೂ ಅಲ್ಲಿ ಮಂಡಿತವಾಗುತ್ತಿದ್ದವು.

ಅಂತೂ 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡ ತರುವಾಯ, ಮಿಲಿಟರಿ ಆಡಳಿತವೂ ನೇಮಿತ ಮುಖ್ಯಮಂತ್ರಿ ವೆಲ್ಲೋಡಿಯವರ ಆಡಳಿತವೂ ಕಳೆದು, 1952ರಲ್ಲಿ ವಯಸ್ಕ ಮತದಾನದಿಂದ ಆಯ್ಕೆಯಾದ 175 ಸ್ಥಾನಗಳ ಹೈದರಾಬಾದು ವಿಧಾನಸಭೆ ಬಾಗ್-ಎ-ಆಮ್ ಪಕ್ಕದ ಟೌನ್ ಹಾಲಿನಲ್ಲಿ ಕೂಡಿತು. ಬೂರ್ಗುಲ ರಾಮಕೃಷ್ಣರಾಯರು ಮುಖ್ಯಮಂತ್ರಿಗಳು, ಕಾಶಿನಾಥರಾವ ವೈದ್ಯರು ಸಭಾಧ್ಯಕ್ಷರು. ಮುಂಬಯಿಯಲ್ಲಿ ಅರವತ್ತು ವರ್ಷಗಳಲ್ಲಿ ಅಂಗುಲ ಅಂಗುಲವಾಗಿ ಬೆಳೆದ ಹಕ್ಕೆಲ್ಲವೂ ನಮ್ಮ ಸೀಮೆಗೆ ಒಮ್ಮೆಗೇ ದೊರೆಯಿತು. ಈ ದಾನದ ಬೆಲೆ ನಮಗೆ ಇಂದಿಗೂ ಪೂರ್ಣವಾಗಿ ತಿಳಿದಿಲ್ಲವೆಂಬುದೇ ನನ್ನ ಸಂಕಟ. ಆಚೆಯ ದಡದಲ್ಲಿ ಮೂರು ತಲೆಮಾರಿನ ವಕೀಲರು, ಪತ್ರಿಕಾಕರ್ತರು, ಜಿಲ್ಲಾ ಬೋರ್ಡಿನ ಸದಸ್ಯರು ಪ್ರಶ್ನೆಯನ್ನು ರಚಿಸುವ, ಉತ್ತರವನ್ನು ಒರೆಹಚ್ಚುವ ವಿದ್ಯೆಯಲ್ಲಿ ಪಳಗಿದ್ದರು. ನಮ್ಮಲ್ಲಿ ಆ ವಿದ್ಯೆ ಬೇರೂರುವ ಮುನ್ನವೇ, ನಾಲ್ಕು ವರ್ಷಗಳಲ್ಲಿ, ರಾಜ್ಯವೇ ಬದಲಾಗಿ, 1956ರ ನವೆಂಬರ್ 1ರಂದು ಕಲಬುರಗಿ ಮೈಸೂರು ರಾಜ್ಯಕ್ಕೆ ಸೇರಿತು, ರಾಜಧಾನಿ ಬೆಂಗಳೂರಿನಷ್ಟು ದೂರ ಹೋಯಿತು. ಸಮೀಪದ ಅಧಿಕಾರಿಯ ದಯೆಯನ್ನು, ಪ್ರಭಾವಿಯಾದ ನಾಯಕನ ಮಾತನ್ನು ಆಶ್ರಯಿಸುವ ಹಳೆಯ ಅಭ್ಯಾಸ ಹಾಗೆಯೇ ಮುಂದುವರಿಯಿತು. ಶಾಸಕರ ಮನೆಯ ಮುಂದೆ ಬೆಳಗಾಗುತ್ತಲೇ ನೆರೆಯುವ ಜನರ ಕೈಯಲ್ಲಿ ಇಂದಿಗೂ ಇರುವುದು ಒಬ್ಬೊಬ್ಬರದೊಂದು ಅರ್ಜಿ. ಊರಿಗೆಲ್ಲ ಸೇರಿದ ಒಂದು ಪ್ರಶ್ನೆಯನ್ನು ಸದನದಲ್ಲಿ ಕೇಳಿಸಬೇಕೆಂದು ಹಾಳೆ ಹಿಡಿದು ಬರುವವರು ವಿರಳ.

ಡಿ. ಎಂ. ನಂಜುಂಡಪ್ಪನವರ ಉನ್ನತಾಧಿಕಾರ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳೆಂದು ಗುರುತಿಸಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿವೆ. ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ಅನುಚ್ಛೇದ ಬಂದು, ನಮ್ಮ ಕಲ್ಯಾಣ ಕರ್ನಾಟಕಕ್ಕೆ ಪ್ರದೇಶಾಭಿವೃದ್ಧಿ ಮಂಡಳಿ ರಚಿತವಾಗಿ, ಈಚಿನ ವರ್ಷಗಳಲ್ಲಿ ಆಯವ್ಯಯದಲ್ಲಿ ಅದಕ್ಕೆ 5,000 ಕೋಟಿ ರೂಪಾಯಿಗಳವರೆಗೆ ಘೋಷಣೆಯಾಗಿದೆ. ಈ ಅನುಚ್ಛೇದವೆಂದರೆ ಉದ್ಯೋಗದ, ವೈದ್ಯಕೀಯ ಸೀಟಿನ ಮೀಸಲಾತಿಯೆಂದು ನಮ್ಮ ಜನ ತಿಳಿದಿದ್ದಾರೆ. ಅದು ನಿಜವೂ ಹೌದು. ಆದರೆ ಅದೇ ಅನುಚ್ಛೇದದಲ್ಲಿ, ಮಂಡಳಿಯ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿವರ್ಷವೂ ರಾಜ್ಯದ ವಿಧಾನಸಭೆಯ ಮುಂದಿಡತಕ್ಕದ್ದೆಂಬ ಮಾತಿದೆ. 1860ರಲ್ಲಿ ಕಲಕತ್ತೆಯ ಮಂಡಲಿ ಕೇಳಿ ಪಡೆಯಲಾರದೆ ಹೋದ ಹಕ್ಕು ಇಲ್ಲಿ ಸಂವಿಧಾನದ ಅಕ್ಷರದಲ್ಲಿಯೇ ಬರೆಯಲ್ಪಟ್ಟಿದೆ. ಸದನದ ಮುಂದೆ ಒಂದು ವರದಿ ಬಂದಿತೆಂದರೆ ಅದನ್ನು ಓದಬೇಕು, ಓದಿ ಕೇಳಬೇಕು. ಮೇಜಿನ ಮೇಲೆ ಬಿದ್ದ ಕಾಗದ ತಾನಾಗಿ ಮಾತನಾಡಲಾರದು. ಹಣ ಎಷ್ಟು ಘೋಷಿತವಾಯಿತು, ಎಷ್ಟು ಬಿಡುಗಡೆಯಾಯಿತು, ಎಷ್ಟು ಖರ್ಚಾಯಿತು, ಯಾವ ತಾಲ್ಲೂಕಿನ ಯಾವ ಊರಿನಲ್ಲಿ ಆಯಿತು ಎಂಬ ನಾಲ್ಕು ಮಾತುಗಳ ನಡುವಣ ಅಂತರದಲ್ಲಿಯೇ ನಮ್ಮ ಹಿಂದುಳಿದಿರುವಿಕೆ ಅಡಗಿ ಕುಳಿತಿದೆ.

ಕೇಳುವುದಕ್ಕೆ ಸದನ ನಡೆಯಬೇಕು. ವರ್ಷಕ್ಕೆ ಕನಿಷ್ಠ 60 ದಿನ ರಾಜ್ಯದ ವಿಧಾನಮಂಡಲ ಕೂಡಬೇಕೆಂದು ಕರ್ನಾಟಕವು 2005ರಲ್ಲಿ ತನಗೆ ತಾನೇ ಒಂದು ಕಾನೂನನ್ನು ಮಾಡಿಕೊಂಡಿತು. ಆಗ ಮುಖ್ಯಮಂತ್ರಿಗಳಾಗಿದ್ದವರು ನೆಲೋಗಿಯಲ್ಲಿ ಹುಟ್ಟಿ ಜೇವರ್ಗಿಯಿಂದ ಹಲವು ಸಲ ಆಯ್ಕೆಯಾಗಿ ಹೋದ ಎನ್. ಧರ್ಮಸಿಂಗರು. ಪ್ರಶ್ನೆಗೆ ಎಡೆಯೇ ಇಲ್ಲದಿದ್ದ ನಾಡಿನಿಂದ ಬಂದ ಒಬ್ಬರ ಆಡಳಿತದಲ್ಲಿ ಇಂಥ ಕಾನೂನು ಆದುದನ್ನು ನಾನು ಅಭಿಮಾನದಿಂದ ನೆನೆಯುತ್ತೇನೆ. ಆ 60 ದಿನಗಳು ತುಂಬುವ ವರ್ಷಗಳು ವಿರಳವಾಗಿರುವುದನ್ನು ಅಷ್ಟೇ ನೋವಿನಿಂದ ಕಾಣುತ್ತೇನೆ. ದಿನಗಳು ಕಡಿಮೆಯಾದಷ್ಟೂ ಮೊದಲು ಬಲಿಯಾಗುವುದು ನಿತ್ಯಕಾರ್ಯವೇ. ಗದ್ದಲದಲ್ಲಿ ಪ್ರಶ್ನೋತ್ತರದ ಅವಧಿ ಕೊಚ್ಚಿಹೋಗುತ್ತದೆ; ಉತ್ತರಗಳನ್ನು ಮಂಡಿಸಲಾಗಿದೆಯೆಂದು ಭಾವಿಸಲಾಗುತ್ತದೆ; ಕೋಟ್ಯಂತರ ರೂಪಾಯಿಗಳ ಬೇಡಿಕೆಗಳು ಕೊನೆಯ ದಿನ ಚರ್ಚೆಯಿಲ್ಲದೆ ಒಟ್ಟಿಗೇ ಅಂಗೀಕೃತವಾಗುತ್ತವೆ. ಸಭಾತ್ಯಾಗವೇನೋ ಮೆಹತಾ, ಗೋಖಲೆಯವರೂ ಮಾಡಿದರು. ಆದರೆ ಅವರು ಮೊದಲು ಮಸೂದೆಯ ವಿರುದ್ಧ ವಾದಿಸಿ, ತಮ್ಮ ವಾದವನ್ನು ನಡವಳಿಯಲ್ಲಿ ದಾಖಲುಮಾಡಿ, ಆಮೇಲೆ ಹೊರಗೆ ನಡೆದರು. ಮಾತನಾಡುವ ಮೊದಲೇ ಹೊರನಡೆಯುವುದು ಅವರಿಂದ ಕಲಿತ ಪಾಠವಲ್ಲ.

ಸದನದಲ್ಲಿ ಇಂದು ಕೇಳುವ ಪ್ರಶ್ನೆಯ ಆಕಾರವನ್ನು ನೋಡಿದವರಿಗೆ ಹಳೆಯ ಮುಂಬಯಿ ನಡವಳಿಯ ಗುರುತು ಸಿಕ್ಕೀತು. ಇಂಥ ಇಲಾಖೆಯ ಸಚಿವರು ದಯಮಾಡಿ ತಿಳಿಸುವರೇ ಎಂದು ಆರಂಭ. ಅ, ಆ, ಇ ಎಂದು ಉಪಭಾಗಗಳು. ವಿಷಯ ಸರ್ಕಾರದ ಗಮನಕ್ಕೆ ಬಂದಿದೆಯೇ ಎಂಬ ವಿಚಾರಣೆ, ಎದುರಿನ ಕಲಮಿನಲ್ಲಿ ‘ಬಂದಿದೆ’ ಎಂಬ ಉತ್ತರ. ಸೊನ್ನದ ಬ್ಯಾರೇಜಿನಿಂದ ಏತನೀರಾವರಿಯ ನೀರು ಎಷ್ಟು ಎಕರೆಗೆ ವಾಸ್ತವವಾಗಿ ತಲುಪಿದೆ, ಅಮರ್ಜೆಯ ಜಲಾಶಯದ ಕಾಲುವೆಗಳ ಕೊನೆಯ ಊರಿಗೆ ನೀರು ಹರಿದದ್ದು ಯಾವಾಗ, ತೊಗರಿ ನೆಟೆರೋಗದಿಂದ ಒಣಗಿದ ಹೊಲಗಳ ಬೆಳೆವಿಮೆಯ ಹಣ ಯಾವ ಹೋಬಳಿಯಲ್ಲಿ ಎಷ್ಟು ಜನರಿಗೆ ಬಂದಿತು ಎಂದು ಇದೇ ಆಕಾರದಲ್ಲಿ ಕೇಳಿದರೆ, ಆ ಹಾಳೆ ಬೆಂಗಳೂರಿನಿಂದ ಕಲಬುರಗಿಗೆ, ಕಲಬುರಗಿಯಿಂದ ತಾಲ್ಲೂಕು ಕಚೇರಿಗೆ, ಅಲ್ಲಿಂದ ಗ್ರಾಮ ಆಡಳಿತಾಧಿಕಾರಿಯ ಮೇಜಿಗೆ ಇಳಿದೇ ಇಳಿಯುತ್ತದೆ. ಯಾರಾದರೊಬ್ಬರು ಎದ್ದು ಹೊಲಕ್ಕೆ ಹೋಗಿ ನೋಡಿ ಬರೆಯಲೇಬೇಕಾಗುತ್ತದೆ. ಬರೆದುದು ಸುಳ್ಳಾದರೆ, ಅದು ಸದನಕ್ಕೆ ಹೇಳಿದ ಸುಳ್ಳು. ಹಕ್ಕುಚ್ಯುತಿಗೆ ಗುರಿಯಾಗತಕ್ಕ ಅಪರಾಧ. ಸಚಿವರು ಕೊಟ್ಟ ಮಾತನ್ನು ಬೆನ್ನಟ್ಟುವುದಕ್ಕೆ ಸರ್ಕಾರಿ ಭರವಸೆಗಳ ಸಮಿತಿಯಿದೆ, ಜನರೇ ನೇರವಾಗಿ ಮೊರೆಯಿಡುವುದಕ್ಕೆ ಅರ್ಜಿಗಳ ಸಮಿತಿಯಿದೆ. ಇಷ್ಟು ಸಾಧನಗಳಿದ್ದೂ ಮೂರು ತಾಲ್ಲೂಕುಗಳ ವಿದ್ಯಾವಂತರು ಅವನ್ನು ಕೈಗೆತ್ತಿಕೊಳ್ಳದಿರುವುದು ನನಗೆ ಸಹಿಸಲಾಗದ ಸಂಗತಿ.

ಆದುದರಿಂದ ನಾನು ಬಯಸುವುದು ಇಷ್ಟು. 371ಜೆ ಮಂಡಳಿಯ ವಾರ್ಷಿಕ ವರದಿಯ ಚರ್ಚೆಗಾಗಿಯೇ ಪ್ರತಿವರ್ಷ ಸದನದ ಒಂದು ಪೂರ್ಣ ದಿನವನ್ನು ಮೀಸಲಿಡಬೇಕೆಂದು ಕಲ್ಯಾಣ ಕರ್ನಾಟಕದ ಎಲ್ಲ ಪಕ್ಷಗಳ ಸದಸ್ಯರೂ ಒಂದಾಗಿ ಸಭಾಧ್ಯಕ್ಷರನ್ನು ಕೇಳಬೇಕು. ತಮ್ಮ ಶಾಸಕರು ಕಳೆದ ಅಧಿವೇಶನದಲ್ಲಿ ಕೇಳಿದ ಪ್ರಶ್ನೆಗಳನ್ನೂ ದೊರೆತ ಉತ್ತರಗಳನ್ನೂ ಪ್ರತಿಯೊಂದು ಗ್ರಾಮಪಂಚಾಯತಿಯೂ ತನ್ನ ಗೋಡೆಗೆ ಅಂಟಿಸಬೇಕು. ಗ್ರಾಮಸಭೆಯಲ್ಲಿ ಅವನ್ನು ಗಟ್ಟಿಯಾಗಿ ಓದಿಸಬೇಕು. ಸದನಕ್ಕೆ ಕೊಟ್ಟ ಉತ್ತರದಲ್ಲಿ ಪೂರ್ಣವಾಗಿದೆಯೆಂದು ಬರೆದ ರಸ್ತೆ ಊರಲ್ಲಿ ಅರ್ಧಕ್ಕೆ ನಿಂತಿದ್ದರೆ, ಅದನ್ನು ಹೇಳಬಲ್ಲವರು ಆ ಊರಿನವರೇ ಹೊರತು ಬೆಂಗಳೂರಿನ ಕಾರ್ಯದರ್ಶಿಗಳಲ್ಲ. ನಮ್ಮ ಕಾಲೇಜುಗಳ ರಾಜ್ಯಶಾಸ್ತ್ರದ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಪರೀಕ್ಷೆಯ ಉತ್ತರದ ಜೊತೆಗೆ ಒಂದು ಶಾಸಕಾಂಗ ಪ್ರಶ್ನೆಯನ್ನು ರಚಿಸುವುದನ್ನೂ ಕಲಿಸಬೇಕು. ಮಾದನಹಿಪ್ಪರಗಿಯ ಶಾಲೆಯಲ್ಲಿ ಎಷ್ಟು ಶಿಕ್ಷಕರ ಸ್ಥಾನಗಳು ಖಾಲಿಯಿವೆ, ಕರಜಗಿಯ ಆಸ್ಪತ್ರೆಗೆ ವೈದ್ಯರು ನೇಮಕವಾಗಿದ್ದಾರೆಯೇ, ಇಜೇರಿಯಿಂದ ತಾಲ್ಲೂಕು ಕೇಂದ್ರಕ್ಕೆ ಎಷ್ಟು ಬಸ್ಸುಗಳು ಓಡುತ್ತವೆ ಎಂಬ ಪ್ರಶ್ನೆಗಳನ್ನು ವಾದವಿಲ್ಲದೆ, ಊಹೆಯಿಲ್ಲದೆ, ಮೂರು ಉಪಭಾಗಗಳಲ್ಲಿ ಒಂದು ಹಾಳೆಯ ಮೇಲೆ ಬರೆದು, ಮುಂದಿನ ಅಧಿವೇಶನದ ಸೂಚನೆಗಳನ್ನು ಸ್ವೀಕರಿಸುವ ಕೊನೆಯ ದಿನಕ್ಕೆ ಮೊದಲು ತಮ್ಮ ಶಾಸಕರ ಕೈಗೆ ಮುಟ್ಟಿಸುವ ಕೆಲಸವನ್ನು ಆ ಊರುಗಳ ಯುವಕರು ಈ ವರ್ಷವೇ ಆರಂಭಿಸಬಹುದು.